ಪ್ಲಾಸ್ಟಿಕ್ ಚೀಲದಲ್ಲಿ ಉಳಿದಿದ್ದ ತಗಡು: 10 ಇಂಚಿನ ಟೇಬಲ್ ಸಾ, ಎರಡು ಮಳೆಗಾಲ ಬಳಸಿದ ಮೇಲೆ

ಟೇಬಲ್ ಸಾ ಅಂದರೆ ಮೇಜಿನ ಸೀಳಿನಿಂದ ಮೇಲೆದ್ದ ದುಂಡು ಬ್ಲೇಡು ತಿರುಗಿ ಮರ ಕೊಯ್ಯುವ ಮೆಷಿನ್. ಅದು ಮನೆಗೆ ಬಂದ ದಿನ ಪೆಟ್ಟಿಗೆ ಬಿಚ್ಚಿದಾಗ ಎಲ್ಲದರ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಅದರೊಳಗೆ ಕುಡುಗೋಲಿನ ಹಾಗೆ ಬಾಗಿದ ಒಂದು ಉಕ್ಕಿನ ತಗಡು, ಬ್ಲೇಡಿನ ಮೇಲೆ ಮುಚ್ಚುವ ಒಂದು ಪ್ಲಾಸ್ಟಿಕ್ ಗಾರ್ಡ್, ಎರಡು ಸ್ಪ್ಯಾನರ್. ಇದೆಲ್ಲ ಎಲ್ಲಿಗೆ ಹಾಕುವುದು ಎಂದು ಮಾರಿದ ಅಂಗಡಿಗೆ ಫೋನ್ ಮಾಡಿದೆ. "ಅದು ಬೇಡ ಸಾರ್, ಯಾರೂ ಹಾಕುವುದಿಲ್ಲ, ಕೆಲಸಕ್ಕೆ ಅಡ್ಡ ಬರ್ತದೆ" ಎಂದರು. ನಾನು ನಂಬಿದೆ. ಚೀಲವನ್ನು ಹಾಗೇ ಕಟ್ಟಿ ಅಟ್ಟಕ್ಕೆ ಹಾಕಿದೆ.

ಆ ತಗಡಿನ ಹೆಸರು ರೈವಿಂಗ್ ನೈಫ್. ನಾನು ಬರೆಯುತ್ತಿರುವುದು ಮೆಷಿನಿನ ವಿಮರ್ಶೆಯೇ, ಆದರೆ ಜಾಸ್ತಿ ಮಾತು ಆ ತಗಡಿನ ಬಗ್ಗೆ ಇರುತ್ತದೆ. ಕಂಪನಿಯ ಹೆಸರು ಹಾಕಿಲ್ಲ. ಇಂಥ 10 ಇಂಚಿನ ಮೆಷಿನುಗಳು ಬಣ್ಣ ಬದಲಾಯಿಸಿಕೊಂಡು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ನೀವು ಯಾವುದನ್ನು ತಂದರೂ ನೋಡಬೇಕಾದ ಜಾಗಗಳು ಇವೇ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಮೇಷ್ಟ್ರು. ಶನಿವಾರ, ಭಾನುವಾರ ಮನೆಯ ಹಿಂದಿನ ಶೆಡ್ಡಿನಲ್ಲಿ ಮರದ ಕೆಲಸ. ಮೊದಲು ಅಡಕೆ ಚೀಲ ಇಡುತ್ತಿದ್ದ ಜಾಗ ಅದು, ಈಗ ಅರ್ಧ ಅಡಕೆ, ಅರ್ಧ ಹಲಗೆ. ಶಾಲೆಯ ಲೈಬ್ರರಿಗೆ ಪುಸ್ತಕದ ಕಪಾಟು ಮಾಡಿಕೊಡಬೇಕೆಂದು ಮನಸ್ಸಾಗಿ ಈ ಮೆಷಿನ್ ತಂದೆ. ಸುಮಾರು 38 ಸಾವಿರ ಆಯಿತು. 1800 ವಾಟ್ ಮೋಟರ್, ಅಲ್ಯೂಮಿನಿಯಮ್ಮಿನ ಮೇಲ್ಮೈ, ಇಬ್ಬರು ಹಿಡಿದರೆ ಎತ್ತಬಹುದಾದಷ್ಟು ತೂಕ. ಬ್ಲೇಡು ನೆಟ್ಟಗಿದ್ದಾಗ ಮೂರು ಇಂಚು ದಪ್ಪದವರೆಗೆ ಕೊಯ್ಯುತ್ತದೆ. ಹಲಸು, ಹೆಬ್ಬಲಸು, ಮಾವು, ಅಕೇಶಿಯಾ, ಹಳೆಯ ಮನೆ ಬಿಚ್ಚಿದಾಗ ಸಿಕ್ಕಿದ ಬೋಗಿಯ ಪಕಾಸು, ಎಲ್ಲ ಕೊಯ್ದಿದ್ದೇನೆ. ಬೋಗಿಗೆ ಸ್ವಲ್ಪ ಉಸಿರು ಕಟ್ಟುತ್ತದೆ, ನಿಧಾನ ತಳ್ಳಬೇಕು. ಉಳಿದದ್ದಕ್ಕೆಲ್ಲ ಶಕ್ತಿ ಸಾಕು. ಶಕ್ತಿಯ ಬಗ್ಗೆ ನನಗೆ ದೂರಿಲ್ಲ.

ಇನ್ನು ಆ ದಿನದ ವಿಷಯ.

ತಂದು ಒಂದು ತಿಂಗಳಾಗಿತ್ತು. ಹಿತ್ತಲಿನ ಇಳಿಜಾರಿನಲ್ಲಿದ್ದ ಹಲಸಿನ ಮರ ಗಾಳಿಗೆ ಬಿದ್ದಿತ್ತು, ಅದನ್ನು ಮಿಲ್ಲಿನಲ್ಲಿ ಹಲಗೆ ಮಾಡಿಸಿ ತಂದಿದ್ದೆ. ನಾಲ್ಕು ಅಡಿ ಉದ್ದದ ಒಂದು ಹಲಗೆಯನ್ನು ಉದ್ದಕ್ಕೆ ಸೀಳುತ್ತಿದ್ದೆ. ಮೂರು ಅಡಿ ದಾಟಿರಬೇಕು. ಮೋಟರಿನ ಸದ್ದು ಒಮ್ಮೆಲೇ ದಪ್ಪ ಆಯಿತು. ನನ್ನ ಕೈಯಲ್ಲಿ ಹಲಗೆ ಇರಲಿಲ್ಲ. ಅಷ್ಟೇ ಗೊತ್ತು. ನನ್ನ ಬಲ ಸೊಂಟದ ಪಕ್ಕದಿಂದ, ಅಂಗಿಗೆ ತಾಗಿಕೊಂಡೇ ಹಾದುಹೋಗಿ ಹಿಂದಿನ ಕೆಂಪುಕಲ್ಲಿನ ಗೋಡೆಗೆ ಬಡಿದಿತ್ತು. ಗೋಡೆಯ ಗಾರೆ ಅಂಗೈಯಗಲ ಎದ್ದು, ಒಳಗಿನ ಕಲ್ಲು ಕಾಣುತ್ತಿತ್ತು. ಆ ಗುರುತನ್ನು ಈಗಲೂ ಮುಚ್ಚಿಸಿಲ್ಲ, ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದು ತಾರೀಕು ಬರೆದಿಟ್ಟಿದ್ದೇನೆ. ಮೆಷಿನ್ ಹಾಕುವ ಮೊದಲು ಕಣ್ಣು ಅಲ್ಲಿಗೆ ಹೋಗಲಿ ಅಂತ.

ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಬ್ಲೇಡಿನ ಮುಂದಿನ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ಮರವನ್ನು ಮೇಜಿಗೆ ಒತ್ತುತ್ತವೆ, ಅದರಿಂದ ತೊಂದರೆ ಇಲ್ಲ. ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಕೊಯ್ದ ಮರ ಹಿಂದೆ ಎಲ್ಲಾದರೂ ಬ್ಲೇಡನ್ನು ಒತ್ತಿ ಹಿಡಿದರೆ ಆ ಹಲ್ಲುಗಳು ಮರವನ್ನು ಎತ್ತಿ ನಮ್ಮ ಕಡೆಗೇ ಎಸೆಯುತ್ತವೆ. ನಾನು ಆಮೇಲೆ ಕೂತು ಲೆಕ್ಕ ಹಾಕಿದೆ. 254 ಮಿ.ಮೀ. ಬ್ಲೇಡು, ನಿಮಿಷಕ್ಕೆ 4800 ಸುತ್ತು. ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 64 ಮೀಟರ್, ಅಂದರೆ ಗಂಟೆಗೆ 230 ಕಿಲೋಮೀಟರ್. ಕೈ ಹಿಂದಕ್ಕೆ ಎಳೆಯೋಣ ಅಂತ ಯೋಚಿಸುವಷ್ಟು ಸಮಯ ಅಲ್ಲಿ ಇಲ್ಲ. ಇನ್ನೊಂದು ಅಪಾಯ ಏನೆಂದರೆ, ಹಲಗೆ ಹಿಂದಕ್ಕೆ ಹಾರುವಾಗ ಅದನ್ನು ಹಿಡಿದ ಕೈಯನ್ನೂ ಬ್ಲೇಡಿನ ಕಡೆಗೆ ಎಳೆದುಕೊಂಡು ಹೋಗಬಹುದು.

ಹಲಗೆ ಬಾಯಿ ಮುಚ್ಚಿಕೊಂಡದ್ದು ಏಕೆ? ಇಳಿಜಾರಿನಲ್ಲಿ ವಾಲಿ ಬೆಳೆದ ಮರದ ಒಳಗೆ ಬಿಗಿತ ಇರುತ್ತದೆ. ಸೀಳಿದ ಕೂಡಲೇ ಎರಡು ಭಾಗಗಳು ಒಂದೋ ಹೊರಕ್ಕೆ ಅರಳುತ್ತವೆ, ಇಲ್ಲ ಒಳಕ್ಕೆ ಕೂಡಿಕೊಳ್ಳುತ್ತವೆ. ಸರಿಯಾಗಿ ಒಣಗದ ಹಲಗೆಯೂ ಹೀಗೇ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮ ಊರಿನಲ್ಲಿ ಪೂರ್ತಿ ಒಣಗಿದ ಹಲಗೆ ಸಿಗುವುದೇ ಕಷ್ಟ. ರೈವಿಂಗ್ ನೈಫ್ ಇರುವುದು ಇದಕ್ಕಾಗಿಯೇ. ಬ್ಲೇಡಿನ ಬೆನ್ನಿಗೇ ನಿಂತು, ಕೊಯ್ದ ಸೀಳು ಮುಚ್ಚದ ಹಾಗೆ ತಡೆಯುತ್ತದೆ. ಬ್ಲೇಡು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ, ವಾಲಿಸಿದರೆ ಜೊತೆಗೇ ವಾಲುತ್ತದೆ.

ಮರುದಿನ ನಮ್ಮ ಆಚಾರ್ರನ್ನು ಕರೆದೆ. ಹನ್ನೊಂದು ವರ್ಷ ಗಲ್ಫಿನ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ದುಡಿದು ಊರಿಗೆ ಬಂದವರು. ನಾನು ಗೋಡೆ ತೋರಿಸಿದೆ, ಅವರು ಗೋಡೆ ನೋಡಲಿಲ್ಲ. ಬಗ್ಗಿ ಬ್ಲೇಡಿನ ಹಿಂದೆ ನೋಡಿದರು.

"ಎಂತದು ಮಾಷ್ಟ್ರೇ, ಹಿಂದಿನ ತಗಡು ಎಲ್ಲಿ ಉಂಟು?"

"ಅಟ್ಟದಲ್ಲಿ ಉಂಟು ಆಚಾರ್ರೇ. ಬೇಡ ಅಂದರು ಅಂಗಡಿಯವರು."

"ಅಲ್ಲಿ ನಾವು ಅದನ್ನು ತೆಗೆದರೆ ಆ ದಿನವೇ ಕೆಲಸದಿಂದ ತೆಗೀತಿದ್ರು. ತನ್ನಿ ಅದನ್ನು."

ಒಂದು ತಿರುಪು ಸಡಿಲಿಸಿ ತಗಡು ಕೂರಿಸಲು ಎರಡು ನಿಮಿಷ ಹಿಡಿಯಲಿಲ್ಲ. ಆದರೆ ಕೂರಿಸಿದರೆ ಮುಗಿಯಲಿಲ್ಲ. ಒಂದು ನೇರ ಪಟ್ಟಿಯನ್ನು ಬ್ಲೇಡಿಗೆ ಒರಗಿಸಿ, ತಗಡು ಅದೇ ಗೆರೆಯಲ್ಲಿ ಇದೆಯೇ ಎಂದು ಎರಡೂ ಬದಿಯಿಂದ ನೋಡಿದರು. ಬ್ಲೇಡಿನ ಹಲ್ಲಿಗೂ ತಗಡಿಗೂ ನಡುವೆ 3ರಿಂದ 8 ಮಿ.ಮೀ. ಅಂತರ ಇರಬೇಕು. ದೂರ ಇದ್ದರೆ ಆ ಸಂದಿಯಲ್ಲೇ ಮರ ಬ್ಲೇಡನ್ನು ಹಿಡಿಯಬಹುದು. ತಗಡಿನ ಮೇಲೆ ಅದರ ದಪ್ಪ ಅಚ್ಚು ಹಾಕಿರುತ್ತಾರೆ, ನನ್ನದರಲ್ಲಿ 2.2 ಮಿ.ಮೀ. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಹೊಸ ಬ್ಲೇಡು ಕೊಳ್ಳುವಾಗ ಬೇಕಾಗುತ್ತದೆ. ಬ್ಲೇಡಿನ ತಟ್ಟೆ ಇದಕ್ಕಿಂತ ತೆಳ್ಳಗಿರಬೇಕು, ಹಲ್ಲು ಕೊಯ್ಯುವ ಅಗಲ ಇದಕ್ಕಿಂತ ಜಾಸ್ತಿ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು 2 ಮಿ.ಮೀ. ಕೊಯ್ಯುವ ತೆಳು ಬ್ಲೇಡು ತಂದರೆ ಮರ ತಗಡಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಜನ ತಗಡನ್ನೇ ಕಿತ್ತುಹಾಕುತ್ತಾರೆ, ಬ್ಲೇಡು ಬದಲಿಸುವುದಿಲ್ಲ. ನಡುವಿನ ತೂತೂ ನೋಡಿ ತನ್ನಿ, 25.4 ಮಿ.ಮೀ. ಮತ್ತು 30 ಮಿ.ಮೀ. ಎರಡೂ ಅಂಗಡಿಯಲ್ಲಿ ಇರುತ್ತವೆ.

ಆಮೇಲೆ ಆಚಾರ್ರು ಫೆನ್ಸ್ ಅಳೆದರು, ಅಂದರೆ ಹಲಗೆಯನ್ನು ಒರಗಿಸಿಕೊಂಡು ನೇರ ತಳ್ಳಲು ಬ್ಲೇಡಿನ ಪಕ್ಕದಲ್ಲಿರುವ ಪಟ್ಟಿ. ಈ ಮೆಷಿನಿನ ನಿಜವಾದ ದೋಷ ಸಿಕ್ಕಿದ್ದು ಅಲ್ಲಿ. ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಆ ಹಲ್ಲನ್ನು ಮುಂದಕ್ಕೆ ತಂದು ಫೆನ್ಸಿಗೆ ಎಷ್ಟು ದೂರ ಎಂದು ನೋಡಿದರು. ಅದೇ ಹಲ್ಲನ್ನು ಕೈಯಿಂದ ತಿರುಗಿಸಿ ಹಿಂದಕ್ಕೆ ಒಯ್ದು ಮತ್ತೆ ಅಳೆದರು. ಹಿಂದೆ ಒಂದೂವರೆ ಮಿ.ಮೀ. ಕಡಿಮೆ. ಅಂದರೆ ಹಲಗೆ ಮುಂದೆ ಹೋದಂತೆ ಜಾಗ ಕಿರಿದಾಗುತ್ತಿತ್ತು, ಫೆನ್ಸೇ ಅದನ್ನು ಬ್ಲೇಡಿನ ಹಿಂದಿನ ಹಲ್ಲುಗಳಿಗೆ ಒತ್ತುತ್ತಿತ್ತು. ಹಲಸಿನ ಬಿಗಿತ ಒಂದು ಕಡೆ, ಇದು ಇನ್ನೊಂದು ಕಡೆ. ಇದರ ಫೆನ್ಸಿಗೆ ಬೀಗ ಮುಂದೆ ಮಾತ್ರ, ಹಿಂದಿನ ತುದಿ ಸುಮ್ನೆ ಕೂತಿರುತ್ತದೆ, ಗಟ್ಟಿ ಒತ್ತಿದರೆ ಸರಿಯುತ್ತದೆ. ಬೋಲ್ಟು ಸಡಿಲಿಸಿ ನೇರ ಮಾಡಿದ ಮೇಲೆ ಈಗ ಪರವಾಗಿಲ್ಲ, ಆದರೂ ಪ್ರತಿ ಸಲ ಫೆನ್ಸ್ ಸರಿಸಿದಾಗ ಸ್ಕೇಲ್ ಇಟ್ಟು ಎರಡೂ ತುದಿ ನೋಡಲೇಬೇಕು. 38 ಸಾವಿರ ಕೊಟ್ಟ ಮೇಲೆ ಇದೊಂದನ್ನು ಕಂಪನಿ ಸರಿಯಾಗಿ ಮಾಡಿಕೊಡಬೇಕಿತ್ತು. ಅದು ನನ್ನ ದೊಡ್ಡ ದೂರು.

ಗಾರ್ಡ್ ಚೆನ್ನಾಗಿದೆ, ಮರ ಬಂದಾಗ ಏಳುತ್ತದೆ, ಹೋದಾಗ ಕೂರುತ್ತದೆ. ಹುಡಿ ಹಿಡಿದು ಮಬ್ಬಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಲಗೆಯ ಪೂರ್ತಿ ದಪ್ಪ ಕೊಯ್ಯದೆ ಬರೀ ಉದ್ದದ ಗ್ರೂವ್ ತೋಡುವಾಗ ಗಾರ್ಡ್ ತೆಗೆಯಬೇಕಾಗುತ್ತದೆ. ಆಗಲೂ ತಗಡನ್ನು ಕಿತ್ತುಹಾಕುವ ಅಗತ್ಯ ಇಲ್ಲ, ಕೆಳಗಿನ ಸ್ಥಾನಕ್ಕೆ ಇಳಿಸಿದರೆ ಬ್ಲೇಡಿನ ತುದಿಗಿಂತ ಸ್ವಲ್ಪ ತಗ್ಗಿ ನಿಲ್ಲುತ್ತದೆ.

ಸ್ವಿಚ್ಚಿಗೆ ಪೂರ್ತಿ ಅಂಕ ಕೊಡುತ್ತೇನೆ. ಕೆಂಪು ಅಗಲದ ಸ್ವಿಚ್ಚು, ಎರಡೂ ಕೈ ಮರದ ಮೇಲಿದ್ದರೂ ಮೊಣಕಾಲಿನಿಂದ ಒತ್ತಿ ನಿಲ್ಲಿಸಬಹುದು. ಮತ್ತು ಕರೆಂಟು ಹೋಗಿ ಬಂದರೆ ಮೆಷಿನ್ ತಾನಾಗಿ ತಿರುಗುವುದಿಲ್ಲ, ನಾವು ಮತ್ತೆ ಹಸಿರು ಒತ್ತಲೇಬೇಕು. ಜೂನ್, ಜುಲೈ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಗೊತ್ತಲ್ವಾ. ಕೊಯ್ಯುತ್ತಿರುವಾಗ ಕರೆಂಟು ಹೋಯಿತು, ಸಿಕ್ಕಿದ ಮರ ಬಿಡಿಸಲು ಕೈ ಹಾಕಿದಿರಿ, ಅಷ್ಟರಲ್ಲಿ ಕರೆಂಟು ಬಂತು. ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಮೆಷಿನ್ ತಿರುಗುವಾಗ ಗೋಡೆಯ ಸ್ವಿಚ್ಚು ಆರಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಮತ್ತೆ ಹಾಕಿ. ತಿರುಗಿತೋ, ಆ ಮೆಷಿನ್ ಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಚಿಕ್ಕಪ್ಪ. ನಮ್ಮ ಕಡೆ ಎಷ್ಟೋ ಶೆಡ್ಡುಗಳಲ್ಲಿ ಟೇಬಲ್ ಸಾ ಅಂದರೆ ಒಂದು ಪ್ಲೈವುಡ್ಡಿಗೆ ಸೀಳು ಹಾಕಿ, ಅಡಿಯಿಂದ ಕೈಯ ಕಟ್ಟಿಂಗ್ ಮೆಷಿನ್ ತಲೆಕೆಳಗಾಗಿ ತಿರುಪು ಹಾಕಿ ಕೂರಿಸಿದ್ದು. ಅದರ ಸ್ವಿಚ್ಚು ಸದಾ ಒತ್ತಿಕೊಂಡಿರುವ ಹಾಗೆ ಟೇಪು ಸುತ್ತಿರುತ್ತಾರೆ. ಗಾರ್ಡ್ ಇಲ್ಲ, ತಗಡಿಲ್ಲ, ನಿಲ್ಲಿಸಬೇಕಾದರೆ ಗೋಡೆಯವರೆಗೆ ನಡೆಯಬೇಕು. ಚಿಕ್ಕಪ್ಪನದೂ ಅಂಥದ್ದೇ. 2020ರ ಏಪ್ರಿಲ್, ಕೆಲಸ ಇಲ್ಲದ ದಿನಗಳು, ಮೊಮ್ಮಗನಿಗೆ ಆಟದ ಗಾಡಿ ಮಾಡುತ್ತಿದ್ದರು. ಕರೆಂಟು ಹೋಗಿ ಬಂತು. ಬಲಗೈಯ ತೋರುಬೆರಳು ಎರಡು ಗಂಟಿನವರೆಗೆ ಹೋಯಿತು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ಪೇಟೆಯಿಂದ ಬರೀ 50 ಕಿಲೋಮೀಟರ್. ಆ ದಿನಗಳಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ತೆಂಕಕ್ಕೆ ದೂರ ಹೋಗಿ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು, ಬೆರಳನ್ನು ಮಂಜುಗಡ್ಡೆಯ ಮೇಲೆ ನೇರವಾಗಿ ಇಟ್ಟು ತಂದದ್ದರಿಂದ ಇನ್ನಷ್ಟು ಹಾಳಾಗಿತ್ತು. ಜೋಡಿಸಲು ಆಗಲಿಲ್ಲ. ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಬರೆಯುತ್ತೇನೆ: ತುಂಡಾದ ಬೆರಳನ್ನು ಚೊಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಡಬೇಕು. ಬೆರಳಿಗೆ ಮಂಜುಗಡ್ಡೆ ತಾಗಬಾರದು. ಗಾಯಕ್ಕೆ ಚೊಕ್ಕ ಬಟ್ಟೆ ಗಟ್ಟಿಯಾಗಿ ಒತ್ತಿ ಹಿಡಿದು, ಕೈ ಮೇಲೆತ್ತಿಸಿ ಹೊರಡಬೇಕು. ಇದನ್ನು ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೇನೆ.

ಚರ್ಮ ತಾಗಿದ ಕೂಡಲೇ ಬ್ಲೇಡು ನಿಲ್ಲುವ ಮೆಷಿನುಗಳು ಇವೆ. ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರಿಗೆ 1999ರಲ್ಲಿ ಹೊಳೆದ ಉಪಾಯ ಅದು. ಸಾಸ್ಟಾಪ್ ಎಂಬ ಹೆಸರಿನಲ್ಲಿ ಬಂತು. ನಮ್ಮ ಮೈಯಲ್ಲಿ ವಿದ್ಯುತ್ ಹರಿಯುತ್ತದೆ, ಒಣ ಮರದಲ್ಲಿ ಅಷ್ಟು ಹರಿಯುವುದಿಲ್ಲ. ಆ ವ್ಯತ್ಯಾಸ ಗುರುತಿಸಿ ಅಲ್ಯೂಮಿನಿಯಮ್ಮಿನ ಒಂದು ತುಂಡು ಬ್ಲೇಡಿಗೆ ಬಂದು ಕಚ್ಚುತ್ತದೆ, 5 ಮಿಲಿಸೆಕೆಂಡಿನೊಳಗೆ ಬ್ಲೇಡು ನಿಲ್ಲುತ್ತದೆ. ನನ್ನ ಮೆಷಿನಿನಲ್ಲಿ ಅದಿಲ್ಲ. ಆರಿಸಿದ ಮೇಲೂ ಇದರ ಬ್ಲೇಡು ಏಳೆಂಟು ಸೆಕೆಂಡು ತಿರುಗುತ್ತಲೇ ಇರುತ್ತದೆ, ಸದ್ದು ಕಡಿಮೆಯಾಗಿ ನಿಂತ ಹಾಗೆ ಅನಿಸುತ್ತದೆ. ಪಕ್ಕದಲ್ಲಿ ಬಿದ್ದ ತುಂಡು ತೆಗೆಯಲು ಕೈ ಹೋಗುವುದು ಆಗಲೇ. ನಾನು ಆಮೇಲೆ ಕೈ ಕಟ್ಟಿಕೊಂಡು ನಿಲ್ಲುವುದನ್ನು ಅಭ್ಯಾಸ ಮಾಡಿದೆ.

ಜೊತೆಗೆ ಕೊಟ್ಟ ಪುಶ್ ಸ್ಟಿಕ್ ತೆಳು ಪ್ಲಾಸ್ಟಿಕ್ಕಿನದು, ಹಲಗೆಯ ತುದಿಯನ್ನು ತಳ್ಳುತ್ತದೆ, ಒತ್ತಿ ಹಿಡಿಯುವುದಿಲ್ಲ. ಆಚಾರ್ರು ಒಂದು ಅಡಿ ಉದ್ದದ ಮಾವಿನ ತುಂಡಿನಿಂದ ಇಸ್ತ್ರಿಪೆಟ್ಟಿಗೆಯ ಹಾಗಿರುವ ಒಂದು ಹಿಡಿ ಮಾಡಿಕೊಟ್ಟರು, ಹಿಂದೆ ಒಂದು ಸಣ್ಣ ಹಿಮ್ಮಡಿ ಇದೆ. ಮೇಲಿನಿಂದ ಒತ್ತುತ್ತದೆ, ಹಿಮ್ಮಡಿ ಹಿಂದಿನಿಂದ ತಳ್ಳುತ್ತದೆ. ಅದರ ಅಡಿ ಕೊಯ್ದು ಕೊಯ್ದು ಈಗ ಮೂರು ಸೀಳು ಬಿದ್ದಿದೆ. ಆ ಮೂರೂ ಕಡೆ ನನ್ನ ಬೆರಳು ಇರಬಹುದಿತ್ತು. ಬ್ರಿಟನ್ನಿನ ಸುರಕ್ಷತಾ ಇಲಾಖೆ ಎಚ್‌ಎಸ್‌ಇ ಹೇಳುವುದು, ಕೊನೆಯ 300 ಮಿ.ಮೀ. ಕೊಯ್ಯುವಾಗ ಕೈಯಲ್ಲಿ ತಳ್ಳಬೇಡಿ, ಕೋಲಿನಲ್ಲೇ ತಳ್ಳಿ ಅಂತ. ಹೆಚ್ಚುಕಡಿಮೆ ಒಂದು ಅಡಿ. ನಾನು ಮೇಜಿನ ಮೇಲೆ ಬ್ಲೇಡಿನ ಸುತ್ತ ಆರು ಇಂಚು ಬಿಟ್ಟು ಕೆಂಪು ಟೇಪು ಅಂಟಿಸಿದ್ದೇನೆ, ಅದರ ಒಳಗೆ ಕೈ ಹೋಗುವ ಹಾಗಿಲ್ಲ.

ನಿಲ್ಲುವ ಜಾಗವೂ ಮುಖ್ಯ. ಫೆನ್ಸ್ ಬಲಕ್ಕಿದ್ದರೆ ನಾವು ಬ್ಲೇಡಿನ ಗೆರೆಯಿಂದ ಎಡಕ್ಕೆ. ಆ ದಿನ ನಾನು ಸ್ವಲ್ಪ ಎಡಕ್ಕೆ ನಿಂತದ್ದು ಗೊತ್ತಿದ್ದು ಅಲ್ಲ, ಬಲಗಡೆ ಅಡಕೆ ಚೀಲ ಇತ್ತು ಅಂತ. ಇನ್ನು ಅಡ್ಡಕ್ಕೆ ಕತ್ತರಿಸುವಾಗ ಮೈಟರ್ ಗೇಜು (ಮೇಜಿನ ಕಾಲುವೆಯಲ್ಲಿ ಜಾರುವ, ಮರಕ್ಕೆ ಒರಗು ಕೊಡುವ ಹಿಡಿ) ಹಿಡಿದರೆ, ತುಂಡಿನ ತುದಿಯನ್ನು ಫೆನ್ಸಿಗೆ ತಾಗಿಸಬಾರದು. ಕತ್ತರಿಸಿದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಹಾರುತ್ತದೆ. ಒಂದೇ ಅಳತೆಯ ಹತ್ತು ತುಂಡು ಬೇಕಿದ್ದರೆ ಫೆನ್ಸಿಗೆ ಒಂದು ಮರದ ಗುಟ್ಟಿಯನ್ನು ಬ್ಲೇಡಿಗಿಂತ ಮುಂಚೆ, ನಮ್ಮ ಕಡೆಗೆ ಕ್ಲ್ಯಾಂಪ್ ಮಾಡಿ ಅದಕ್ಕೆ ತಾಗಿಸಿ ಅಳತೆ ಹಿಡಿಯಬೇಕು. ಏನೂ ಆಧಾರ ಇಲ್ಲದೆ ಬರೀ ಕೈಯಲ್ಲಿ ಹಿಡಿದು ಕೊಯ್ಯುವುದಂತೂ ಬೇಡವೇ ಬೇಡ.

ಎಂಟು ಅಡಿ ಪ್ಲೈವುಡ್ ಹಾಳೆಗೆ ಈ ಮೆಷಿನ್ ಚಿಕ್ಕದು. ಹಾಳೆಯ ಭಾರಕ್ಕೆ ಮೆಷಿನೇ ವಾಲುತ್ತದೆ. ಮೊದಲು ನೆಲದಲ್ಲಿ ಇಟ್ಟು ಕೈ ಗರಗಸದಿಂದಲೋ ಸರ್ಕ್ಯುಲರ್ ಸಾದಿಂದಲೋ ತುಂಡು ಮಾಡಿ ಆಮೇಲೆ ಇದಕ್ಕೆ ತನ್ನಿ. ಹಿಂದೆ ಮೇಜಿನ ಎತ್ತರಕ್ಕೇ ಒಂದು ಬೆಂಚು ಇರಲಿ.

ಮನೆಯಲ್ಲಿ ಎಲ್ಲರೂ ಮುಂಡು, ಲುಂಗಿಯಲ್ಲೇ ಇರುತ್ತೇವೆ, ಶೆಡ್ಡಿಗೆ ಹಾಗೇ ಹೋಗುತ್ತೇವೆ. ನಾನು ಈಗ ಒಂದು ಹಳೆ ಪ್ಯಾಂಟು ಅಲ್ಲೇ ಮೊಳೆಗೆ ನೇತುಹಾಕಿದ್ದೇನೆ. ಉಂಗುರ, ವಾಚು, ದೇವಸ್ಥಾನದಲ್ಲಿ ಕೈಗೆ ಕಟ್ಟಿದ ನೂಲು, ಎಲ್ಲ ಬಿಚ್ಚಿ ಒಳಗೆ. ಗ್ಲೌಸ್ ಹಾಕಿದರೆ ಕೈಗೆ ರಕ್ಷಣೆ ಅಂತ ನಾನೂ ಅಂದುಕೊಂಡಿದ್ದೆ. ತಿರುಗುವ ಬ್ಲೇಡಿನ ಹತ್ತಿರ ಅದು ತಪ್ಪು, ಬಟ್ಟೆಯ ತುದಿ ಸಿಕ್ಕಿದರೆ ಇಡೀ ಕೈಯನ್ನೇ ಎಳೆಯುತ್ತದೆ.

ಹುಡಿಯ ವಿಷಯದಲ್ಲಿ ಮೆಷಿನಿಗೆ ಅರ್ಧ ಅಂಕ. ಹಿಂದೆ ಪೈಪು ಸಿಕ್ಕಿಸುವ ಬಾಯಿ ಇದೆ, ವ್ಯಾಕ್ಯೂಮ್ ಹಾಕಿದರೂ ಮೇಲಿನಿಂದ ಹಳದಿ ಹುಡಿ ಮುಖಕ್ಕೆ ಬರುತ್ತದೆ. ಮರದ ಹುಡಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ, ಮುಖ್ಯವಾಗಿ ಮೂಗಿನ ಒಳಭಾಗಕ್ಕೆ. ಎನ್‌95 ಮಾಸ್ಕ್, ಕನ್ನಡಕ, ಕಿವಿಗೆ ಮಫ್ ಮೂರೂ ಬೇಕು.

ಕರೆಂಟಿಗೆ 16 ಆಂಪಿಯರ್ ಪ್ಲಗ್, ಉದ್ದದ ವಯರ್ ಆದರೆ 2.5 ಚದರ ಮಿ.ಮೀ. ದಪ್ಪ. ಬೇಸಗೆಯ ಸಂಜೆ ತೋಟಗಳಲ್ಲಿ ಪಂಪು ಶುರುವಾದ ಮೇಲೆ ವೋಲ್ಟೇಜ್ ಬಿದ್ದು ಬ್ಲೇಡು ಎಳೆಯುವುದಿಲ್ಲ, ಮರ ಕಪ್ಪಾಗುತ್ತದೆ, ನಾವು ಜಾಸ್ತಿ ಒತ್ತುತ್ತೇವೆ. ಆ ಹೊತ್ತಿಗೆ ನಿಲ್ಲಿಸಿಬಿಡುವುದೇ ಒಳ್ಳೆಯದು. ಜೊತೆಗೆ ಬಂದ 24 ಹಲ್ಲಿನ ಬ್ಲೇಡು ಉದ್ದಕ್ಕೆ ಸೀಳಲು ಸಾಕು, ಪ್ಲೈವುಡ್ಡಿಗೆ 60 ಹಲ್ಲಿನದು ಬೇರೆ ತಂದೆ. ಅಲ್ಯೂಮಿನಿಯಮ್ ಆದ್ದರಿಂದ ಮೇಜಿಗೆ ಎರಡು ಮಳೆಗಾಲದಲ್ಲೂ ತುಕ್ಕಿಲ್ಲ, ಏರಿಸುವ ಇಳಿಸುವ ತಿರುಪಿಗೆ ಮಾತ್ರ ಹಿಡಿಯಿತು. ಒಣ ಮೇಣ ಹಚ್ಚುತ್ತೇನೆ, ಎಣ್ಣೆ ಹಾಕಿದರೆ ಹುಡಿ ಅಂಟುತ್ತದೆ.

ಒಟ್ಟು ಐದಕ್ಕೆ ಮೂರೂವರೆ. ಅರ್ಧ ಅಂಕ ಹುಡಿಗೆ, ಒಂದು ಅಂಕ ಫೆನ್ಸಿಗೆ ಹೋಯಿತು. ಮನೆಯ ಕೆಲಸಕ್ಕೆ, ವಾರಕ್ಕೆ ಎರಡು ದಿನದ ಕೆಲಸಕ್ಕೆ ಕೊಳ್ಳಬಹುದು.

ಕಳೆದ ತಿಂಗಳು ಆ 60 ಹಲ್ಲಿನ ಬ್ಲೇಡು ತರಲು ಅದೇ ಅಂಗಡಿಗೆ ಹೋಗಿದ್ದೆ. ಮುಳ್ಳೇರಿಯ ಕಡೆಯ ಒಬ್ಬ ಹುಡುಗ ಇದೇ ಮೆಷಿನ್ ಆಟೋಗೆ ಏರಿಸುತ್ತಿದ್ದ. ಪ್ಲಾಸ್ಟಿಕ್ ಚೀಲ ಕೌಂಟರಿನ ಮೇಲೆಯೇ ಬಿದ್ದಿತ್ತು. ಎತ್ತಿಕೊಂಡು ಹೋಗಿ ಕೊಟ್ಟೆ. "ಇದು ಬೇಡ ಅಂದರಲ್ಲ ಅಣ್ಣಾ" ಅಂದ. ಮೊಬೈಲಿನಲ್ಲಿದ್ದ ನಮ್ಮ ಶೆಡ್ಡಿನ ಗೋಡೆಯ ಫೋಟೋ ತೋರಿಸಿದೆ. ಸುಮಾರು ಹೊತ್ತು ನೋಡಿದ. ಆಮೇಲೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಕೂತ. ಭಾನುವಾರ ಫೋನ್ ಬಂತು, ತಗಡು ಕೂರಿಸಿದ್ದೇನೆ, ಬ್ಲೇಡಿಗೂ ಅದಕ್ಕೂ ಒಂದು ಬೆರಳಿನಷ್ಟು ಸಂದಿ ಉಂಟು, ಸರಿಯಾ ಅಂತ ಕೇಳಿದ. ಬೆರಳಿನಷ್ಟು ಜಾಸ್ತಿ ಆಯಿತು, ಪ್ಲಗ್ ಕಿತ್ತು ಇನ್ನೂ ಹತ್ತಿರಕ್ಕೆ ತಾ ಅಂದೆ.